ಜಗಳದ ನಡುವೆ ನಿಲ್ಲುವವರ ಹೊಣೆ



ಕಳೆದ ರಮಝಾನ್‌ನಲ್ಲಿ ಇಫ್ತಾರ್ ಮುಗಿದ ಮೇಲೆ ಸುಡಾನಿ ಸಹೋದರನೊಬ್ಬ ಫೋನ್ ಹಿಡಿದು ಸುಮ್ಮನೆ ಕುಳಿತಿದ್ದ. ಮನೆಗೆ ಕರೆ ಹೋಗುತ್ತಿರಲಿಲ್ಲ. ಅವನ ದೇಶದಲ್ಲಿ 2023ರ ಏಪ್ರಿಲ್‌ನಲ್ಲಿ ಎರಡು ಪಡೆಗಳ ನಡುವೆ ಯುದ್ಧ ಶುರುವಾಗಿತ್ತು. "ಭಾಯ್, ದೊಡ್ಡ ದೇಶಗಳು ಬಂದು ಇದನ್ನು ನಿಲ್ಲಿಸಬಾರದೇ?" ಎಂದು ನಮ್ಮ ಹುಬ್ಬಳ್ಳಿಯ ಹುಡುಗ ಕೇಳಿದ. ನಾನು ಲೆಕ್ಕ ಬರೆಯುವವನು. ಎರಡೂ ಕಡೆಯ ಲೆಕ್ಕ ನೋಡದೆ ಉತ್ತರಿಸಲು ಮನಸ್ಸಾಗಲಿಲ್ಲ.

ಮೊದಲು, ಬಾರದಿದ್ದರೆ ಆಗುವ ನಷ್ಟ. ಬೋಸ್ನಿಯಾದ ಸ್ರೆಬ್ರೆನಿಕಾ ಪಟ್ಟಣವನ್ನು ವಿಶ್ವಸಂಸ್ಥೆ 1993ರಲ್ಲಿ ಸುರಕ್ಷಿತ ಪ್ರದೇಶವೆಂದು ಘೋಷಿಸಿತು. ಶಾಂತಿಪಾಲಕರೂ ಅಲ್ಲಿದ್ದರು. ಆದರೂ 1995ರ ಜುಲೈಯಲ್ಲಿ 8,000ಕ್ಕೂ ಹೆಚ್ಚು ಮುಸ್ಲಿಮ್ ಗಂಡಸರನ್ನೂ ಹುಡುಗರನ್ನೂ ಕೊಂದುಹಾಕಲಾಯಿತು. ಕಾಪಾಡುತ್ತೇವೆಂದು ಮಾತು ಕೊಟ್ಟವರು ಕಾಪಾಡಲಿಲ್ಲ. ಅದಾದ ಮೇಲೆ ನ್ಯಾಟೋ ವಾಯುದಾಳಿ ನಡೆಸಿತು, ವರ್ಷ ಮುಗಿಯುವುದರೊಳಗೆ ಡೇಟನ್ ಒಪ್ಪಂದವಾಗಿ ಯುದ್ಧ ನಿಂತಿತು. ಸತ್ತವರಿಗೆ ಆ ನೆರವು ತಡವಾಗಿತ್ತು.

ಇನ್ನು, ಬಂದರೆ ಆಗುವ ನಷ್ಟ. 2011ರ ಮಾರ್ಚ್‌ನಲ್ಲಿ ಲಿಬಿಯಾದ ನಾಗರಿಕರನ್ನು ರಕ್ಷಿಸಲು ಭದ್ರತಾ ಮಂಡಳಿ ಅನುಮತಿ ಕೊಟ್ಟಿತು. ಬೆಂಗಾಝಿಯತ್ತ ಬರುತ್ತಿದ್ದ ಸೇನೆ ಹಿಮ್ಮೆಟ್ಟಿತು, ಅದು ಲಾಭ. ಆದರೆ ಅಕ್ಟೋಬರ್‌ನಲ್ಲಿ ಗದ್ದಾಫಿ ಸತ್ತ ಮೇಲೆ ಬಾಂಬ್ ಹಾಕಿದವರು ಹೊರಟುಹೋದರು. ಆಯುಧ ಹಿಡಿದ ಗುಂಪುಗಳು ಉಳಿದವು. ದೇಶ ಎರಡು ಸರಕಾರಗಳಾಗಿ ಒಡೆಯಿತು.

ಹಾಗಾದರೆ ಯಾವುದು ಸರಿ? ಅಲ್ ಹುಜುರಾತ್ ಅಧ್ಯಾಯದ ಒಂಬತ್ತನೇ ವಚನ ದಾರಿ ತೋರಿಸುತ್ತದೆ. ವಿಶ್ವಾಸಿಗಳ ಎರಡು ಗುಂಪು ಕಾದಾಡಿದರೆ ಮೊದಲ ಆಜ್ಞೆ ಸಂಧಾನ. ಒಬ್ಬರು ಅತಿಕ್ರಮಿಸಿದರೆ ಮಾತ್ರ ಅವರನ್ನು ತಡೆಯಲು ಹೋರಾಟ, ಅದೂ ಅವರು ಅಲ್ಲಾಹನ ಆಜ್ಞೆಗೆ ಮರಳುವವರೆಗೆ. ಮರಳಿದ ಮೇಲೆ ನ್ಯಾಯದಿಂದ ಮತ್ತೆ ಸಂಧಾನ. ಬಲಪ್ರಯೋಗ ನಡುವಿನ ಒಂದು ಮೆಟ್ಟಿಲು ಮಾತ್ರ. ಸ್ರೆಬ್ರೆನಿಕಾದಲ್ಲಿ ಆ ಮೆಟ್ಟಿಲು ಹತ್ತಲು ಹಿಂಜರಿದರು. ಲಿಬಿಯಾದಲ್ಲಿ ಕೊನೆಯ ಮೆಟ್ಟಿಲನ್ನು ಬಿಟ್ಟುಹೋದರು.

ನಮ್ಮ ಪ್ರವಾದಿಯವರು(ಸ) ಪ್ರವಾದಿತ್ವಕ್ಕೆ ಮೊದಲೇ ಹಿಲ್ಫುಲ್ ಫುದೂಲ್ ಒಪ್ಪಂದದಲ್ಲಿ ಪಾಲ್ಗೊಂಡಿದ್ದರು. ಅದಕ್ಕೆ ಕಾರಣ, ಮಕ್ಕಾಕ್ಕೆ ಬಂದಿದ್ದ ಯಮನಿನ ವ್ಯಾಪಾರಿಗೆ ಸಲ್ಲಬೇಕಾದ ಹಣ ಸಿಗದಿದ್ದುದು. ಪರವೂರಿನಲ್ಲಿ ದುಡಿಯುವ ನಮಗೆ ಆ ನೋವು ಅರ್ಥವಾಗುತ್ತದೆ. ಅಲ್ಲಿ ಸೇರಿದವರು ತಮ್ಮವನೋ ಅನ್ಯನೋ ಎಂದು ನೋಡಲಿಲ್ಲ, ಹಕ್ಕು ಕೊಡಿಸಿಯೇ ಎದ್ದರು.

ಸಹೋದರರೇ, ಭದ್ರತಾ ಮಂಡಳಿಯಲ್ಲಿ ನಮಗೆ ಕುರ್ಚಿಯಿಲ್ಲ. ಆದರೆ ಕೋಣೆಯಲ್ಲಿ ಇಬ್ಬರು ಮಾತು ಬಿಟ್ಟಿದ್ದರೆ ಅವರ ನಡುವೆ ಕುಳಿತುಕೊಳ್ಳಬಹುದು. ಬಲಶಾಲಿಯ ಪರ ವಹಿಸದಿರಬಹುದು. ರಾಜಿಯಾದ ಮರುದಿನವೂ ವಿಚಾರಿಸಬಹುದು. ಸರಕಾರದ ಅನುಮತಿ ಇರುವ ಸಂಸ್ಥೆಯ ಮೂಲಕ ನಿರಾಶ್ರಿತರಿಗೆ ಸದಕಾ ಕಳುಹಿಸಬಹುದು. ಆ ಸುಡಾನಿ ಸಹೋದರನ ಪಕ್ಕದಲ್ಲಿ ಕುಳಿತು ನೋಂಬು ಬಿಡಬಹುದು.

ಅಲ್ಲಾಹನು ಮರ್ದಿತರಿಗೆ ರಕ್ಷಣೆಯನ್ನೂ, ನಡುವೆ ನಿಲ್ಲುವವರಿಗೆ ನ್ಯಾಯಬುದ್ಧಿಯನ್ನೂ ದಯಪಾಲಿಸಲಿ. ಆಮೀನ್.