ಪುಣೆಯ ಚಿಂತನೆಯಲ್ಲಿ ತತ್ತ್ವಶಾಸ್ತ್ರದ ಶಾಖೆಗಳು

ಪ್ರತಿಯೊಂದು ಶಾಸ್ತ್ರವೂ ಕೆಲವು ಸಂಗತಿಗಳನ್ನು ಪ್ರಶ್ನಿಸದೆ ಒಪ್ಪಿಕೊಂಡೇ ತನ್ನ ಕೆಲಸಕ್ಕೆ ತೊಡಗುತ್ತದೆ. ಕಾರಣವಿಲ್ಲದೆ ಕಾರ್ಯವಿಲ್ಲವೆಂದು ವೈದ್ಯನೂ, ಮನುಷ್ಯನು ತಾನು ಮಾಡಿದ್ದಕ್ಕೆ ತಾನೇ ಹೊಣೆಯೆಂದು ನ್ಯಾಯಾಧೀಶನೂ, ಕಳೆದುಹೋದ ಕಾಲದ ಬಗ್ಗೆ ನಂಬಲರ್ಹವಾದ ತಿಳಿವಳಿಕೆ ಸಾಧ್ಯವೆಂದು ಇತಿಹಾಸಕಾರನೂ ಮೊದಲೇ ಒಪ್ಪಿರುತ್ತಾರೆ. ಹೀಗೆ ಒಪ್ಪಿಕೊಂಡದ್ದನ್ನೇ ವಿಚಾರಣೆಗೆ ಎಳೆದು, ಅದಕ್ಕೆ ಆಧಾರವೇನು, ಅದರ ಮಿತಿಯೆಷ್ಟು ಎಂದು ಕೇಳುವ ಶಿಸ್ತೇ ತತ್ತ್ವಶಾಸ್ತ್ರ. ಇರುವುದೇನು ಎಂಬ ಪ್ರಶ್ನೆಯಿಂದ ತತ್ತ್ವಮೀಮಾಂಸೆ, ಅದು ನಮಗೆ ತಿಳಿಯುವುದು ಹೇಗೆ ಎಂಬುದರಿಂದ ಜ್ಞಾನಮೀಮಾಂಸೆ, ಒಂದು ತಿಳಿವಿನಿಂದ ಇನ್ನೊಂದಕ್ಕೆ ದೋಷವಿಲ್ಲದೆ ಸಾಗುವ ಬಗೆ ಯಾವುದು ಎಂಬುದರಿಂದ ತರ್ಕಶಾಸ್ತ್ರ, ಮಾಡತಕ್ಕದ್ದೇನು ಎಂಬುದರಿಂದ ನೀತಿಶಾಸ್ತ್ರ, ಸುಂದರವೆನ್ನುವುದು ಯಾವುದನ್ನು ಎಂಬುದರಿಂದ ಸೌಂದರ್ಯಮೀಮಾಂಸೆ ಹುಟ್ಟುತ್ತವೆ. ಪಠ್ಯಪುಸ್ತಕಗಳು ಈ ಐದನ್ನೂ ಬೇರೆಬೇರೆ ಅಧ್ಯಾಯಗಳಾಗಿ ಕಲಿಸುತ್ತವೆ. ಕಲಿಕೆಯ ಅನುಕೂಲಕ್ಕೆ ಅದು ಸರಿಯೇ ಆದರೂ, ವಿಚಾರವು ನಿಜವಾಗಿ ನಡೆಯುವ ಕಡೆ ಈ ಗಡಿಗಳು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಇದನ್ನು ಪರೀಕ್ಷಿಸಲು ಪುಣೆಯಷ್ಟು ಒದಗಿಬರುವ ಊರು ಕನ್ನಡ ಓದುಗರಿಗೆ ಇನ್ನೊಂದಿಲ್ಲ.

1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವ ತನಕ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ತರುಣರಲ್ಲಿ ಅನೇಕರು ಪದವಿಗಾಗಿ ಪುಣೆಗೇ ಹೋಗುತ್ತಿದ್ದರು. ಆಲೂರು ವೆಂಕಟರಾಯರೂ ದ. ರಾ. ಬೇಂದ್ರೆಯವರೂ ಓದಿದ್ದು ಅಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ. ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ರಾಮಚಂದ್ರ ದತ್ತಾತ್ರೇಯ ರಾನಡೆಯವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, ಫರ್ಗ್ಯುಸನ್ನಿನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾದರು. ಗ್ರೀಕ್ ಚಿಂತಕರಾದ ಹೆರಾಕ್ಲಿಟಸ್ ಮತ್ತು ಅರಿಸ್ಟಾಟಲರ ಮೇಲೆ ಬರೆದು ಪಳಗಿದ ಅವರು 1926ರಲ್ಲಿ ಉಪನಿಷತ್ತುಗಳ ತತ್ತ್ವವಿಚಾರವನ್ನು ಕುರಿತ ದೊಡ್ಡ ಇಂಗ್ಲಿಷ್ ಗ್ರಂಥವೊಂದನ್ನು ಪುಣೆಯಿಂದ ಪ್ರಕಟಿಸಿದರು. ಸಂಪ್ರದಾಯದಲ್ಲಿ ಒಂದೊಂದು ಉಪನಿಷತ್ತನ್ನು ಹಿಡಿದು ಭಾಷ್ಯ ಬರೆಯುವುದು ರೂಢಿಯಾಗಿದ್ದರೆ, ರಾನಡೆಯವರು ಆ ಕ್ರಮವನ್ನು ಬಿಟ್ಟು, ಜಗತ್ತಿನ ಉತ್ಪತ್ತಿ, ಮನಸ್ಸಿನ ಸ್ವರೂಪ, ಪರಮಸತ್ಯದ ಪ್ರಶ್ನೆ, ನೀತಿ, ಆತ್ಮಸಾಕ್ಷಾತ್ಕಾರ ಎಂಬ ವಿಷಯಗಳ ಪ್ರಕಾರ ಉಪನಿಷತ್ತುಗಳ ಮಾತುಗಳನ್ನು ವಿಂಗಡಿಸಿ ಜೋಡಿಸಿದರು. ಶಾಖೆಗಳ ಕಣ್ಣಿನಿಂದ ಪ್ರಾಚೀನ ಗ್ರಂಥವನ್ನು ನೋಡಿದ ಧೈರ್ಯದ ಪ್ರಯತ್ನವಿದು.

ಇದರಿಂದಾದ ಲಾಭ ತತ್ತ್ವಮೀಮಾಂಸೆಯ ಭಾಗದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇರುವುದರ ಮೂಲಸ್ವರೂಪವೇನು, ಅದು ಒಂದೋ ಹಲವೋ, ಬದಲಾಗುವುದೋ ಬದಲಾಗದ್ದೋ ಎಂದು ಕೇಳುವ ಈ ಶಾಖೆಗೆ ಪರಮಸತ್ಯವನ್ನು ಸಮೀಪಿಸಲು ಮೂರು ದಾರಿಗಳಿವೆಯೆಂದು ರಾನಡೆಯವರು ತೋರಿಸಿದರು: ಹೊರಗಿನ ಜಗತ್ತಿನಿಂದ ಹೊರಡುವುದು ಒಂದು, ದೇವರ ಕಲ್ಪನೆಯಿಂದ ಹೊರಡುವುದು ಇನ್ನೊಂದು, ಎಚ್ಚರ, ಕನಸು, ನಿದ್ರೆಗಳಲ್ಲಿ ಬದಲಾಗುತ್ತಿರುವ ಅನುಭವದ ಹಿಂದೆ ನಿಂತಿರುವ ಆತ್ಮನಿಂದ ಹೊರಡುವುದು ಮೂರನೆಯದು. ಮೂರನೆಯ ದಾರಿಯೇ ಹೆಚ್ಚು ದೂರ ಕರೆದೊಯ್ಯುತ್ತದೆಂಬುದು ಅವರ ಅಭಿಪ್ರಾಯ. ಆದರೆ ವಿಂಗಡಣೆಗೆ ತೆರಬೇಕಾದ ಬೆಲೆಯೂ ಉಂಟು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಮನೆ ಬಿಟ್ಟು ಹೊರಡುವಾಗ ಆಸ್ತಿಯನ್ನು ಹಂಚಲು ಮುಂದಾಗುತ್ತಾನೆ. ಧನದಿಂದ ಅಮೃತತ್ವ ದೊರೆಯುವುದೇ ಎಂದು ಮೈತ್ರೇಯಿ ಕೇಳುವುದು ಬದುಕಿನಲ್ಲಿ ಯಾವುದಕ್ಕೆ ಬೆಲೆಯೆಂಬ ನೀತಿಯ ಪ್ರಶ್ನೆ. ಪತಿಯೂ ಸಂಪತ್ತೂ ಪ್ರಿಯವಾಗುವುದು ಆತ್ಮನ ನಿಮಿತ್ತವೆಂಬ ಉತ್ತರ ಅವಳನ್ನು ಇರುವಿಕೆಯ ಪ್ರಶ್ನೆಗೆ ಒಯ್ಯುತ್ತದೆ. ಎಲ್ಲವನ್ನೂ ತಿಳಿಯುವವನನ್ನು ಯಾವುದರಿಂದ ತಿಳಿಯುವುದು ಎಂಬಲ್ಲಿ ಸಂಭಾಷಣೆ ಮುಗಿಯುವಾಗ ಅದು ಶುದ್ಧ ಜ್ಞಾನಮೀಮಾಂಸೆಯಾಗಿರುತ್ತದೆ. ಒಂದೇ ಮನೆಯ ಒಂದೇ ಮಾತುಕತೆ ಮೂರು ಶಾಖೆಗಳನ್ನು ಹಾದುಹೋಗುತ್ತದೆ, ಅದೂ ಎಲ್ಲಿಯೂ ತುಂಡಾಗದೆ. ರಾನಡೆಯವರ ಗ್ರಂಥದ ಕೊನೆಯ ಅಧ್ಯಾಯ ಸಾಕ್ಷಾತ್ಕಾರಕ್ಕೆ ಮೀಸಲಾಗಿರುವುದು ಬಹುಶಃ ಇದೇ ಕಾರಣಕ್ಕೆ. ಚಿಕ್ಕಂದಿನಲ್ಲೇ ಉಮದಿಯ ಭಾವೂಸಾಹೇಬ ಮಹಾರಾಜರಿಂದ ದೀಕ್ಷೆ ಪಡೆದು, ಕಡೆಗೆ ವಿಜಯಪುರ ಜಿಲ್ಲೆಯ ನಿಂಬಾಳದಲ್ಲಿ ನೆಲೆಸಿದ ಆ ಸಾಧಕನಿಗೆ ಅನುಭವವು ಯಾವ ಶಾಖೆಗೂ ಪೂರ್ತಿ ಸೇರುವ ವಸ್ತುವಾಗಿರಲಿಲ್ಲ.

ನೀತಿಶಾಸ್ತ್ರಕ್ಕೆ ಪುಣೆ ಕೊಟ್ಟ ಗ್ರಂಥ ಬಾಲ ಗಂಗಾಧರ ಟಿಳಕರ ‘ಗೀತಾರಹಸ್ಯ’. ಮಂಡಾಲೆಯ ಸೆರೆಮನೆಯಲ್ಲಿ ಬರೆದು 1915ರಲ್ಲಿ ಪ್ರಕಟವಾದ ಈ ಮರಾಠಿ ಕೃತಿಯನ್ನು ಆಲೂರರು ಕನ್ನಡಕ್ಕೆ ತಂದರು. ಗೀತೆಯ ವ್ಯಾಖ್ಯಾನವೆಂದು ಇದನ್ನು ಕೈಗೆತ್ತಿಕೊಂಡವರಿಗೆ ಮೊದಲು ಎದುರಾಗುವುದು ಧರ್ಮಸಂಕಟಗಳು: ಅಹಿಂಸೆ, ಸತ್ಯ ಮೊದಲಾದ ನಿಯಮಗಳೇ ಒಂದಕ್ಕೊಂದು ಎದುರಾಗಿ ನಿಂತಾಗ ಯಾವುದನ್ನು ಹಿಡಿಯಬೇಕೆಂಬ ಚರ್ಚೆಯಲ್ಲಿ ಅರ್ಜುನನ ಪಕ್ಕದಲ್ಲಿ ಶೇಕ್ಸ್‌ಪಿಯರನ ಹ್ಯಾಮ್ಲೆಟ್‌ನೂ ಬಂದು ನಿಲ್ಲುತ್ತಾನೆ. ಕರ್ಮದ ಯೋಗ್ಯತೆಯನ್ನು ನಿರ್ಣಯಿಸುವ ಮಾರ್ಗಗಳನ್ನು ಟಿಳಕರು ಮೂರಾಗಿ ವಿಂಗಡಿಸುತ್ತಾರೆ. ಹೊರಗೆ ಕಾಣುವ ಸುಖದುಃಖಗಳ ಪರಿಣಾಮವನ್ನು ಅಳೆಯುವುದು ಆಧಿಭೌತಿಕ. ಬಹುಜನರ ಬಹುಸುಖವೇ ಮಾನದಂಡವೆಂದ ಮಿಲ್‌ನ ವಾದ ಈ ಗುಂಪಿನದು. ಒಳಗಿನ ಅಂತಃಸಾಕ್ಷಿ ನುಡಿದದ್ದೇ ಪ್ರಮಾಣವೆನ್ನುವುದು ಆಧಿದೈವಿಕ. ಎಲ್ಲ ಜೀವಿಗಳಲ್ಲಿಯೂ ಒಂದೇ ಆತ್ಮವಿದೆಯೆಂದು ತಿಳಿದವನ ಸಮಬುದ್ಧಿಯಲ್ಲಿ ನೀತಿಯ ಬೇರನ್ನು ಕಾಣುವುದು ಆಧ್ಯಾತ್ಮಿಕ. ಟಿಳಕರ ಆಯ್ಕೆ ಮೂರನೆಯದು. ಅಂದರೆ ಮಾಡತಕ್ಕದ್ದೇನೆಂಬ ಪ್ರಶ್ನೆಗೆ ಇರುವುದೇನೆಂಬುದನ್ನು ನಿರ್ಣಯಿಸದೆ ಉತ್ತರವಿಲ್ಲವೆಂದಾಯಿತು. ಈ ನಿಲುವನ್ನು ಒಪ್ಪದವರು ಇರಬಹುದು: ಇದೆ ಎಂಬುದರಿಂದ ಬೇಕು ಎಂಬುದನ್ನು ಹೊರಡಿಸಲಾಗದೆಂದು ಸ್ಕಾಟ್ಲೆಂಡಿನ ಹ್ಯೂಮ್ 18ನೆಯ ಶತಮಾನದಲ್ಲೇ ತಡೆ ಒಡ್ಡಿದ್ದನು. ಆತ್ಮೈಕ್ಯವನ್ನು ಒಪ್ಪಿದ ಮಾತ್ರಕ್ಕೆ ಯುದ್ಧ ಮಾಡಬೇಕೋ ಬಿಡಬೇಕೋ ಎಂಬುದು ತೀರ್ಮಾನವಾಗುವುದೇ ಎಂಬ ಸಂದೇಹ ಟಿಳಕರ ಓದುಗನಿಗೂ ಉಳಿದೇ ಉಳಿಯುತ್ತದೆ.

ಸೌಂದರ್ಯಮೀಮಾಂಸೆಯನ್ನು ಇಲ್ಲಿ ಹೆಸರಿಸಿ ಮುಂದೆ ಸಾಗಬಹುದು; ರಸ, ಧ್ವನಿಗಳ ವಿಚಾರವನ್ನು ತಿಳಿಯಲು ಕನ್ನಡದಲ್ಲಿ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಇದೆ. ಹೆಚ್ಚು ತೊಡಕಿನದು ಜ್ಞಾನಮೀಮಾಂಸೆ ಮತ್ತು ತರ್ಕಗಳ ಸಂಬಂಧ. ಭಾರತೀಯ ದರ್ಶನಗಳು ತಮ್ಮ ವಾದವನ್ನು ಹೂಡುವ ಮೊದಲು ಪ್ರಮಾಣಗಳನ್ನು, ಎಂದರೆ ಸರಿಯಾದ ಜ್ಞಾನದ ಸಾಧನಗಳನ್ನು ಎಣಿಸುತ್ತವೆ: ಚಾರ್ವಾಕರಿಗೆ ಪ್ರತ್ಯಕ್ಷವೊಂದೇ, ಬೌದ್ಧರಿಗೆ ಅದರೊಡನೆ ಅನುಮಾನ, ಸಾಂಖ್ಯರಿಗೆ ಶಬ್ದವೂ ಸೇರಿ ಮೂರು, ನೈಯಾಯಿಕರಿಗೆ ಉಪಮಾನವೂ ಸೇರಿ ನಾಲ್ಕು. ಪುಣೆಯ ಪರ್ವತಿ ಗುಡ್ಡದ ಮೇಲೆ ಹೊಗೆಯೆದ್ದುದನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ಅನುಮಾನ. ಅದನ್ನು ಇನ್ನೊಬ್ಬನಿಗೆ ಮನಗಾಣಿಸಲು ನೈಯಾಯಿಕನು ಐದು ಅವಯವಗಳನ್ನು ಬಳಸುತ್ತಾನೆ: ಗುಡ್ಡದಲ್ಲಿ ಬೆಂಕಿಯಿದೆಯೆಂಬ ಪ್ರತಿಜ್ಞೆ, ಹೊಗೆಯಿರುವುದರಿಂದ ಎಂಬ ಹೇತು, ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಇದ್ದಂತೆ ಎಂಬ ಉದಾಹರಣೆ, ಈ ಗುಡ್ಡದಲ್ಲಿಯೂ ಅಂಥ ಹೊಗೆಯಿದೆಯೆಂಬ ಉಪನಯ, ಆದ್ದರಿಂದ ಬೆಂಕಿಯಿದೆಯೆಂಬ ನಿಗಮನ. ಅರಿಸ್ಟಾಟಲನು ಮೂರೇ ವಾಕ್ಯಗಳಲ್ಲಿ ಮುಗಿಸುವುದಕ್ಕೆ ಇಲ್ಲಿ ಐದು ಬೇಕಾಗುವುದನ್ನು ಕೆಲವರು ಅನಗತ್ಯ ವಿಸ್ತಾರವೆಂದು ತಿಳಿದದ್ದುಂಟು. ಆದರೆ ಅಡುಗೆಮನೆಯ ಉದಾಹರಣೆ ಅಲಂಕಾರವಲ್ಲ. ನಿಯಮವು ಕಂಡ ಸಂಗತಿಯ ಮೇಲೆ ನಿಂತಿದೆಯೆಂಬುದಕ್ಕೆ ಅದೇ ಸಾಕ್ಷಿ. ಮಾತಿನ ಆಕಾರವನ್ನಷ್ಟೇ ನೋಡುವ ತರ್ಕವು ನ್ಯಾಯದರ್ಶನಕ್ಕೆ ಸಾಲದು.

ಈ ಭೇದ 1983ರಲ್ಲಿ ಪುಣೆಯಲ್ಲೇ ಮುಖಾಮುಖಿಯಾಯಿತು. ದಯಾಕೃಷ್ಣ, ಮೇ. ಪುಂ. ರೇಗೆ ಮೊದಲಾದ ಚಿಂತಕರು ಸಾಂಪ್ರದಾಯಿಕ ಪಂಡಿತರನ್ನೂ ವಿಶ್ವವಿದ್ಯಾಲಯಗಳ ಅಧ್ಯಾಪಕರನ್ನೂ ಒಂದೆಡೆ ಸೇರಿಸಿ, ಬರ್ಟ್ರಂಡ್ ರಸೆಲ್‌ನ ಪ್ರತಿಪಾದನೆಯ ಸಿದ್ಧಾಂತವನ್ನು ಸಂಸ್ಕೃತದಲ್ಲಿ ಮುಂದಿಟ್ಟು ಚರ್ಚೆ ನಡೆಸಿದರು; ಅದರ ಫಲ ‘ಸಂವಾದ’ ಎಂಬ ಗ್ರಂಥವಾಗಿ 1991ರಲ್ಲಿ ಹೊರಬಂತು. ವಾಕ್ಯವೊಂದು ಹೇಳುವ ಅರ್ಥವು, ಎಂದರೆ ಪ್ರತಿಪಾದನೆಯು, ಯಾರು ತಿಳಿಯಲಿ ಬಿಡಲಿ ಸತ್ಯವೋ ಅಸತ್ಯವೋ ಆಗಿರುತ್ತದೆಂಬುದು ಆರಂಭಕಾಲದ ರಸೆಲ್‌ನ ನಿಲುವು. ಪರ್ವತಿಯ ಹೊಗೆಯನ್ನು ಇಬ್ಬರು ಕಂಡರೆ ಆ ಲೆಕ್ಕದಲ್ಲಿ ಇಬ್ಬರೂ ತಿಳಿದ ಪ್ರತಿಪಾದನೆ ಒಂದೇ. ನೈಯಾಯಿಕನಿಗಾದರೋ ಜ್ಞಾನವು ಒಬ್ಬೊಬ್ಬ ಆತ್ಮನಲ್ಲಿ ಒಂದೊಂದು ಕ್ಷಣಕ್ಕೆ ಹುಟ್ಟುವ ಗುಣ. ಸತ್ಯ, ಅಸತ್ಯಗಳೆಂಬ ವಿಶೇಷಣಗಳು ಸಲ್ಲುವುದು ಅಂಥ ಜ್ಞಾನಕ್ಕೆ, ಆದ್ದರಿಂದ ಅಲ್ಲಿ ಹುಟ್ಟಿದ್ದು ಎರಡು ಜ್ಞಾನಗಳು. ರಸೆಲ್‌ನನ್ನು ಒಪ್ಪಿದರೆ ಅರಿಯುವವನನ್ನು ಬದಿಗಿಟ್ಟು ಪ್ರತಿಪಾದನೆಗಳ ನಡುವಣ ಸಂಬಂಧವನ್ನಷ್ಟೇ ಪರಿಶೀಲಿಸುವ ತರ್ಕಶಾಸ್ತ್ರ ಸ್ವತಂತ್ರ ಶಾಖೆಯಾಗಿ ನಿಲ್ಲಬಲ್ಲದು; ನೈಯಾಯಿಕನನ್ನು ಒಪ್ಪಿದರೆ ಅರಿಯುವವನ ಆತ್ಮ, ಅವನ ಇಂದ್ರಿಯ, ಅವನೆದುರಿನ ವಸ್ತು ಇವುಗಳನ್ನು ಕುರಿತು ಹೇಳದೆ ಅನುಮಾನದ ಒಂದು ದೋಷವನ್ನೂ ವಿವರಿಸಲಾಗದು.