ಪಠ್ಯಪುಸ್ತಕ ಮತ್ತು ಅಪೌರುಷೇಯತೆಯ ಪ್ರಶ್ನೆ

ಅರಿವು ಯಾವ ಆಧಾರದಿಂದ ಸಿಂಧುವಾಗುತ್ತದೆ ಎಂಬುದನ್ನು ವಿಚಾರಿಸುವ ಪ್ರಮಾಣಶಾಸ್ತ್ರದಲ್ಲಿ ಶಬ್ದಕ್ಕೆ, ಅಂದರೆ ಮತ್ತೊಬ್ಬರ ಮಾತಿನಿಂದ ಪಡೆದ ತಿಳಿವಳಿಕೆಗೆ, ಪ್ರತ್ಯಕ್ಷ ಮತ್ತು ಅನುಮಾನಗಳಿಗಿಲ್ಲದ ಒಂದು ತೊಡಕಿದೆ. ಕಂಡದ್ದನ್ನು ಮತ್ತೆ ಕಾಣಬಹುದು, ಊಹಿಸಿದ್ದನ್ನು ಮತ್ತೆ ತರ್ಕಿಸಬಹುದು. ಕೇಳಿದ್ದನ್ನು ಒಪ್ಪುವಾಗ ಮಾತ್ರ ಹೇಳಿದವರ ಮೇಲಿನ ವಿಶ್ವಾಸವೂ ಅರಿವಿನೊಳಗೆ ಬೆರೆತುಬಿಡುತ್ತದೆ. ಚರಿತ್ರೆಯ ತರಗತಿಯಲ್ಲಿ ನಡೆಯುವ ಕಲಿಕೆಯ ಬಹುಪಾಲು ಈ ಬಗೆಯದು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದು ರಾಜ್ಯವಾದವು ಎಂದು ಬರೆಯುವ ವಿದ್ಯಾರ್ಥಿ ಅದನ್ನು ಕಂಡವಳಲ್ಲ, ತರ್ಕದಿಂದ ಪಡೆದವಳೂ ಅಲ್ಲ. ಹಾಗಾದರೆ ಅವಳಲ್ಲಿರುವುದು ಜ್ಞಾನವೋ ಶ್ರದ್ಧೆಯೋ ಎಂಬ ಪ್ರಶ್ನೆ ಶಿಕ್ಷಣ ಸಂಶೋಧನೆ ಎದುರಿಸಬೇಕಾದದ್ದು. ಆದರೆ ಅದು ಇದನ್ನು ಬಹುಮಟ್ಟಿಗೆ ಬದಿಗಿಟ್ಟು ಮುಂದೆ ಸಾಗಿದೆ.

ಈ ವಿಷಯದಲ್ಲಿ ನ್ಯಾಯ ಮತ್ತು ಮೀಮಾಂಸಾ ದರ್ಶನಗಳು ಬೇರೆಬೇರೆ ದಾರಿ ಹಿಡಿದವು. ಆಪ್ತರ ಉಪದೇಶವೇ ಶಬ್ದಪ್ರಮಾಣ ಎಂದು ನ್ಯಾಯಸೂತ್ರ ಹೇಳುತ್ತದೆ. ವಿಷಯವನ್ನು ಸ್ವತಃ ಅರಿತವನೂ ಅರಿತದ್ದನ್ನು ಅರಿತಂತೆಯೇ ತಿಳಿಸಬಯಸುವವನೂ ಆಪ್ತ ಎಂದು ವಿವರಿಸುವ ಭಾಷ್ಯಕಾರ ವಾತ್ಸ್ಯಾಯನ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವಾಗಿ ಅನ್ವಯಿಸುತ್ತದೆ ಎನ್ನುತ್ತಾನೆ. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಮೀಮಾಂಸಕರ ವಾದ ಇದಕ್ಕೆ ವಿರುದ್ಧ ದಿಕ್ಕಿನದು: ಮಾತಿನ ದೋಷಗಳೆಲ್ಲ ಆಡುವವನಿಂದ ಬರುತ್ತವೆ, ವೇದಕ್ಕೆ ಕರ್ತೃವೇ ಇಲ್ಲ, ಆದ್ದರಿಂದ ಅದರಲ್ಲಿ ದೋಷಕ್ಕೆ ಎಡೆಯಿಲ್ಲ. ಕರ್ತೃವಿಲ್ಲದಿರುವ ಈ ಗುಣವೇ ಅಪೌರುಷೇಯತೆ. ಇವೆರಡರ ನಡುವೆ ಐತಿಹ್ಯವೆಂಬ ಇನ್ನೊಂದು ಬಗೆಯೂ ಉಂಟು. ಮೊದಲು ಹೇಳಿದವರು ಯಾರೆಂದು ಗೊತ್ತಿಲ್ಲದೆ ಬಾಯಿಂದ ಬಾಯಿಗೆ ಬಂದ ಮಾತು ಅದು. ನೈಯಾಯಿಕರು ಅದನ್ನು ಪ್ರತ್ಯೇಕ ಪ್ರಮಾಣವೆಂದು ಎಣಿಸದೆ ಶಬ್ದದೊಳಗೇ ಸೇರಿಸಿದರು.

ಇಂದಿನ ತರಗತಿಯಲ್ಲಿ ಪಠ್ಯಪುಸ್ತಕ ಪಡೆದಿರುವ ಸ್ಥಾನವನ್ನು ಈ ಪರಿಭಾಷೆಯಲ್ಲಿ ಹೇಳುವುದಾದರೆ, ಐತಿಹ್ಯದ ರೂಪದಲ್ಲಿರುವ ಮಾತು ಅಲ್ಲಿ ಅಪೌರುಷೇಯದ ಗೌರವವನ್ನು ಗಳಿಸಿದೆ. ಅಮೆರಿಕದ ಸಂಶೋಧಕ ಸ್ಯಾಮ್ ವೈನ್‌ಬರ್ಗ್ 1991ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಎತ್ತಿ ತೋರಿಸಿತು. 1775ರ ಲೆಕ್ಸಿಂಗ್ಟನ್ ಕಾಳಗಕ್ಕೆ ಸಂಬಂಧಿಸಿದ ಹಲವು ಬರಹಗಳನ್ನು ಎಂಟು ಮಂದಿ ಇತಿಹಾಸಕಾರರ ಮತ್ತು ಎಂಟು ಮಂದಿ ಪ್ರೌಢಶಾಲಾ ವಿದ್ಯಾರ್ಥಿಗಳ ಮುಂದಿಟ್ಟಾಗ, ಇತಿಹಾಸಕಾರರು ಬರೆದವರು ಯಾರು, ಯಾವಾಗ, ಯಾವ ಉದ್ದೇಶಕ್ಕಾಗಿ ಎಂಬುದನ್ನು ಮೊದಲು ನೋಡಿ ಆಮೇಲೆ ಓದಿದರು. ವಿದ್ಯಾರ್ಥಿಗಳಾದರೋ ಪಠ್ಯಪುಸ್ತಕದ ಭಾಗವನ್ನೇ ಎಲ್ಲಕ್ಕಿಂತ ನಂಬಲರ್ಹವೆಂದು ಬಗೆದರು. ಆಡಿದವನ ಗುರುತು ಅಳಿದಿರುವುದರಿಂದಲೇ ಆ ಮಾತಿಗೆ ಪಕ್ಷಪಾತವಿಲ್ಲವೆಂದು ತೋರುತ್ತದೆ. ಮೀಮಾಂಸಕರಾದರೂ ವೇದಕ್ಕೆ ಕರ್ತೃವಿಲ್ಲವೆಂದು ಸಾಧಿಸಲು ಶತಮಾನಗಳ ಕಾಲ ವಾದಿಸಬೇಕಾಯಿತು. ಸಮಿತಿಯೊಂದು ಬರೆದು ಸರ್ಕಾರ ಮುದ್ರಿಸಿದ ಪುಸ್ತಕಕ್ಕೆ ಆ ಪಟ್ಟ ಯಾವ ವಾದವೂ ಇಲ್ಲದೆ ದಕ್ಕಿದೆ. 2022ರಲ್ಲಿ ಕರ್ನಾಟಕದ ಪಠ್ಯ ಪರಿಷ್ಕರಣೆಯ ಸುತ್ತ ಎದ್ದ ವಿವಾದದಲ್ಲಿ ಯಾರ ಪಕ್ಷ ಸರಿಯೆಂಬುದು ಏನೇ ಇರಲಿ, ಪುಸ್ತಕವನ್ನು ಮನುಷ್ಯರು ಬರೆಯುತ್ತಾರೆ ಎಂಬ ಸಂಗತಿ ಆಗ ಮಕ್ಕಳಿಗೂ ತಿಳಿಯಿತು.

ವಿದ್ಯಾರ್ಥಿಗಳ ಮನೋಭಾವವನ್ನು ಅಳೆಯುವ ಸಂಶೋಧನೆಗಳು ಈ ಅಂಶವನ್ನು ಹಿಡಿಯಲಾರವು. 1932ರಲ್ಲಿ ರೆನ್ಸಿಸ್ ಲೈಕರ್ಟ್ ರೂಪಿಸಿದ ಮಾಪನಿಯಲ್ಲಿ ಒಂದು ಹೇಳಿಕೆಯನ್ನು ಕೊಟ್ಟು, ಸಂಪೂರ್ಣ ಒಪ್ಪಿಗೆಯಿಂದ ಸಂಪೂರ್ಣ ಅಸಮ್ಮತಿಯವರೆಗಿನ ಐದು ಹಂತಗಳಲ್ಲಿ ಒಂದನ್ನು ಗುರುತು ಹಾಕಿಸಿ, ಗುರುತುಗಳಿಗೆ ಅಂಕ ಕೊಟ್ಟು ಕೂಡಿಸಲಾಗುತ್ತದೆ. ಶಿಕ್ಷಣಶಾಸ್ತ್ರದ ಪ್ರಬಂಧಗಳಲ್ಲಿ ಇಂದಿಗೂ ಇದರದೇ ಆಳ್ವಿಕೆ. ಹೇಳಿದ್ದಕ್ಕೂ ನಡೆದುಕೊಳ್ಳುವುದಕ್ಕೂ ಅಂತರವಿರುತ್ತದೆ ಎಂಬ ಆಕ್ಷೇಪ ಹಳೆಯದು. ಚೀನೀ ದಂಪತಿಯೊಂದಿಗೆ ಅಮೆರಿಕ ಸುತ್ತಿದ ರಿಚರ್ಡ್ ಲಪಿಯರ್, 251 ಹೋಟೆಲು ಮತ್ತು ವಸತಿಗೃಹಗಳಲ್ಲಿ ಒಂದು ಮಾತ್ರ ಅವರನ್ನು ಒಳಗೆ ಬಿಡಲಿಲ್ಲವೆಂದೂ, ಆಮೇಲೆ ಪತ್ರದ ಮೂಲಕ ಕೇಳಿದಾಗ ಉತ್ತರಿಸಿದವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಚೀನೀಯರಿಗೆ ಪ್ರವೇಶವಿಲ್ಲವೆಂದರೆಂದೂ 1934ರಲ್ಲೇ ವರದಿ ಮಾಡಿದ್ದನು. ಇದಕ್ಕಿಂತ ಆಳವಾದ ಆಕ್ಷೇಪ ಬೇರೆಯಿದೆ. ಮಾಪನಿ ಒಪ್ಪಿಗೆಯ ದಿಕ್ಕನ್ನೂ ತೀವ್ರತೆಯನ್ನೂ ದಾಖಲಿಸುತ್ತದೆಯೇ ಹೊರತು ಒಪ್ಪಿಗೆಗೆ ಆಧಾರವೇನೆಂದು ಕೇಳುವುದಿಲ್ಲ. ಏಕೀಕರಣದಿಂದ ನಾಡಿಗೆ ಒಳಿತಾಯಿತು ಎಂಬ ಹೇಳಿಕೆಯ ಎದುರು, ಪುಸ್ತಕದಲ್ಲಿದೆ ಎಂಬ ಕಾರಣಕ್ಕೆ ಗುರುತು ಹಾಕಿದವನೂ ವಾದ ಪ್ರತಿವಾದಗಳನ್ನು ತೂಗಿ ಗುರುತು ಹಾಕಿದವಳೂ ಒಂದೇ ಅಂಕ ಪಡೆಯುತ್ತಾರೆ. ಪ್ರಮಾಣಶಾಸ್ತ್ರದ ದೃಷ್ಟಿಯಲ್ಲಿ ಅವರಿಬ್ಬರ ಅರಿವು ಒಂದೇ ಜಾತಿಯದಲ್ಲ.

ಪ್ರಾದೇಶಿಕ ರಾಜಕೀಯ ಚರಿತ್ರೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುವುದಕ್ಕೆ ಕಾರಣವೆಂದರೆ, ಅಲ್ಲಿ ಪುಸ್ತಕಕ್ಕೆ ಎದುರಾಗಿ ಮನೆಯ ಹಿರಿಯರ ಮಾತು ನಿಲ್ಲುತ್ತದೆ. ನಿಜಾಮನ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಸೀಮೆಯನ್ನು ತೆಗೆದುಕೊಂಡರೆ, 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿದ್ದೂ 17ರಂದು ನಿಜಾಮ ಕದನವಿರಾಮ ಘೋಷಿಸಿದ್ದೂ ನಿರ್ವಿವಾದ. ಅದಕ್ಕೆ ಮುಂಚೆ ನಿಜಾಮನ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರು ಗೋರಟಾದಂತಹ ಊರುಗಳಲ್ಲಿ ನಡೆಸಿದ ಹತ್ಯೆಗಳನ್ನು ನೆನೆಯುವ ಮನೆಗಳು ಅಲ್ಲಿವೆ. ಸೇನೆ ಬಂದ ಬಳಿಕ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ನೆನೆಯುವ ಮನೆಗಳೂ ಅಲ್ಲಿವೆ. ಈ ಹಿಂಸೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ ಸುಂದರ್‌ಲಾಲ್ ಸಮಿತಿ, ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಕಲಬುರಗಿ ಮತ್ತು ಬೀದರ್‌ಗಳನ್ನೂ ಹೆಸರಿಸಿತು. ಅದರ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರಿಗೆ ಹೀಗೆ ಇಬ್ಬರು ಆಪ್ತರು, ಇಬ್ಬರ ಮಾತಿಗೂ ಕರ್ತೃ ಉಂಟು, ಕಂಡ ಅನುಭವವೂ ಉಂಟು. ಒಂದರ ನಿಜ ಇನ್ನೊಂದನ್ನು ಅಳಿಸುವುದಿಲ್ಲ. ಅಳಿಸುತ್ತದೆ ಎಂದು ಭಾವಿಸುವುದೇ ಈ ಚರಿತ್ರೆಯನ್ನು ಕುರಿತ ಸಾರ್ವಜನಿಕ ಮಾತಿನ ದೊಡ್ಡ ತಪ್ಪು.

ಪುಸ್ತಕದ ಮಾತಿಗೆ ಆಧಾರವೇನೆಂದು ಪ್ರಶ್ನಿಸಲು ಕಲಿಸಿದರೆ ಮಕ್ಕಳಲ್ಲಿ ನಾಡಿನ ಮೇಲಿನ ಶ್ರದ್ಧೆ ಕುಗ್ಗುತ್ತದೆ ಎಂಬ ಆತಂಕವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೀಮಾಂಸಕ ಕುಮಾರಿಲ ಭಟ್ಟ ಪ್ರತಿಪಾದಿಸಿದ ಸ್ವತಃಪ್ರಾಮಾಣ್ಯದ ತತ್ತ್ವ, ಅಂದರೆ ಬಾಧಕವಾದ ಮತ್ತೊಂದು ಅರಿವು ಬರುವವರೆಗೆ ಅಥವಾ ಅದರ ಮೂಲದಲ್ಲಿ ದೋಷ ಕಾಣುವವರೆಗೆ ಅರಿವು ತಾನಾಗಿಯೇ ಸಿಂಧು ಎಂಬ ನಿಲುವು, ಇಲ್ಲಿ ಬಲವಾದ ಆಸರೆ. ಪ್ರತಿಯೊಂದು ಮಾತನ್ನೂ ಪರೀಕ್ಷಿಸಿಯೇ ಒಪ್ಪುವುದಾದರೆ ಆ ಪರೀಕ್ಷೆಗೆ ಇನ್ನೊಂದು ಪರೀಕ್ಷೆ ಬೇಕಾಗಿ ಕಲಿಕೆ ಆರಂಭವೇ ಆಗದು. ಆದರೆ ನೈಯಾಯಿಕರೂ ಎಲ್ಲವನ್ನೂ ಸಂಶಯಿಸಬೇಕೆಂದು ಹೇಳಲಿಲ್ಲ. ಸಂಶಯಕ್ಕೆ ಕಾರಣಗಳನ್ನು ಎಣಿಸುವಾಗ ವಿಪ್ರತಿಪತ್ತಿಯನ್ನು, ಅಂದರೆ ಒಂದೇ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಹೇಳಿಕೆಗಳಿರುವುದನ್ನು, ಅವರು ಸೇರಿಸಿದರು. ರಾಜ್ಯೋದಯದ ದಿನಾಂಕಕ್ಕೆ ಎದುರುಮಾತಿಲ್ಲ, ಅದನ್ನು ಸಂಶಯಿಸಬೇಕಾಗಿಯೂ ಇಲ್ಲ. 1948ರಲ್ಲಿ ಸತ್ತವರು ಯಾರು, ಕೊಂದವರು ಯಾರು ಎಂಬಲ್ಲಿ ಎದುರುಮಾತು ಮನೆಯಿಂದಲೇ ತರಗತಿಗೆ ಬರುತ್ತದೆ.

ಹಳೆಯ ಮೈಸೂರಿನ ಶಾಲೆಗಳ ಸ್ಥಿತಿ ಬೇರೆ. ಅಲ್ಲಿ ಏಕೀಕರಣ ಇಂದು ತಕರಾರಿಲ್ಲದ ಸಂಭ್ರಮ. ಆದರೆ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ 1955ರಲ್ಲಿ ಹೊರಬಿದ್ದಾಗ, ಹಿಂದುಳಿದ ಪ್ರದೇಶಗಳ ಹೊರೆ ತಮ್ಮ ಮೇಲೆ ಬೀಳುತ್ತದೆ, ಜಾತಿಗಳ ಬಲಾಬಲ ಬದಲಾಗುತ್ತದೆ ಎಂದು ಅಂಜಿ ಪ್ರತ್ಯೇಕ ಮೈಸೂರೇ ಇರಲೆಂದವರು ಅಲ್ಲಿನ ರಾಜಕಾರಣಿಗಳಲ್ಲಿ ಕಡಿಮೆಯಿರಲಿಲ್ಲ. ಅಂದಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪರವಾಗಿ ವಾದಿಸಬೇಕಾದದ್ದು ಇಂತಹವರ ಎದುರಿಗೇ. ಈ ವಿಪ್ರತಿಪತ್ತಿಯನ್ನು ನೆನಪಿಸುವ ಹಿರಿಯರು ಮನೆಗಳಲ್ಲಿ ಉಳಿದಿಲ್ಲವಾದ್ದರಿಂದ, ಅದನ್ನು ಅಂದಿನ ಶಾಸನಸಭೆಯ ನಡಾವಳಿಗಳಿಂದ ತರಗತಿಗೆ ತರಬೇಕಾದವರು ಶಿಕ್ಷಕರು.