ಎಳೆದಷ್ಟೂ ಬಿಗಿಯುವ ಕೊಂಡಿ

ಒಂದು ಪ್ರಶ್ನೆಯೊಂದಿಗೆ ಆರಂಭಿಸುತ್ತೇನೆ. ನಮ್ಮ ಮಾತು ಸರಿಯಾಗಿದ್ದು, ಅದನ್ನು ಹೇಳುವ ಅಧಿಕಾರವೂ ನಮಗಿದ್ದಾಗ, ಇನ್ನೊಬ್ಬರನ್ನು ಅವರ ಒಳ್ಳೆಯದಕ್ಕಾಗಿಯೇ ಬಲವಂತಪಡಿಸಬಹುದೇ? ತಂದೆತಾಯಿಗಳು, ಶಿಕ್ಷಕರು, ಧರ್ಮೋಪದೇಶ ಕಲಿಸುವವರು ಎಲ್ಲರೂ ಒಂದಲ್ಲ ಒಂದು ದಿನ ಈ ಪ್ರಶ್ನೆಯ ಮುಂದೆ ನಿಲ್ಲುತ್ತೇವೆ. ನಾನು ನಿಂತದ್ದು ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ, ಮನೆಯ ಮುಂದಿನ ಹಳೆಯ ಮೋಟಾರ್ ಸೈಕಲ್ಲಿನ ಪಕ್ಕದಲ್ಲಿ.

ಏಳು ಗಂಟೆಯ ಬಲಿಪೂಜೆಗೆ ಇನ್ನು ಇಪ್ಪತ್ತೈದು ನಿಮಿಷವಿತ್ತು. ಗಾಡಿ ಸ್ಟಾರ್ಟ್ ಆಗುತ್ತಿಲ್ಲ, ಹಾರನ್ನಿನಲ್ಲೂ ಸದ್ದಿಲ್ಲ. ಫ್ಯೂಸ್ ಹೋಗಿರಬೇಕು. ಫ್ಯೂಸ್ ಇರುವುದು ಸೀಟಿನ ಕೆಳಗೆ. ಸೀಟಿನ ಬೀಗಕ್ಕೆ ಕೀ ಹಾಕಿ ತಿರುಗಿಸಿದೆ. ಕೀ ತಿರುಗಿತು, ಸೀಟು ಮಾತ್ರ ಏಳಲಿಲ್ಲ. ಒಂದು ಕೈಯಲ್ಲಿ ಕೀ ತಿರುಗಿಸುತ್ತಾ ಇನ್ನೊಂದು ಕೈಯಿಂದ ಸೀಟನ್ನು ಮೇಲಕ್ಕೆ ಎಳೆದೆ. ಇನ್ನೂ ಜೋರಾಗಿ ಎಳೆದೆ. ಕೊನೆಗೆ ಸಂದಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಸೀಟಿನ ಹೊದಿಕೆ ಹರಿಯಿತು. ಸ್ಕ್ರೂಡ್ರೈವರ್ ಜಾರಿ ನನ್ನ ಅಂಗೈಗೂ ಗಾಯವಾಯಿತು. ಕೊಂಡಿ ಬಿಡಲಿಲ್ಲ.

ನಿಜ ಹೇಳಬೇಕೆಂದರೆ, ನನ್ನ ಕೋಪ ಸೀಟಿನ ಮೇಲಿನದಾಗಿರಲಿಲ್ಲ. ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಮಗ ಆರು ತಿಂಗಳಿಂದ ಪೂಜೆಗೆ ಬರುವುದನ್ನು ನಿಲ್ಲಿಸಿದ್ದ. ಪ್ರತಿ ಭಾನುವಾರವೂ ನಮ್ಮ ಮನೆಯಲ್ಲಿ ಜಗಳದಿಂದಲೇ ಬೆಳಗಾಗುತ್ತಿತ್ತು. ಅಂದು ನಾನು ಅವನ ಕೋಣೆಯ ಬಾಗಿಲು ಬಡಿದು, “ಈ ಮನೆಯಲ್ಲಿ ಇರಬೇಕಾದರೆ ಪೂಜೆಗೆ ಬರಬೇಕು, ಇಲ್ಲದಿದ್ದರೆ ನಿನ್ನ ದಾರಿ ನೀನು ನೋಡಿಕೋ” ಎಂದು ಹೇಳಿ ಬಂದಿದ್ದೆ. ಒಳಗಿನಿಂದ ಉತ್ತರ ಬಂದಿರಲಿಲ್ಲ.

ಸೀಟಿನೊಡನೆ ನಾನು ಗುದ್ದಾಡುತ್ತಿದ್ದ ಸದ್ದಿಗೋ ಏನೋ, ಅವನು ಬರಿಗಾಲಲ್ಲಿ ಹೊರಗೆ ಬಂದ. ನನ್ನ ಮುಖ ನೋಡಲಿಲ್ಲ. ಎರಡೂ ಅಂಗೈಗಳನ್ನು ಸೀಟಿನ ಹಿಂಭಾಗದ ಮೇಲಿಟ್ಟು ಮೈಭಾರವನ್ನೆಲ್ಲ ಹಾಕಿದ. “ಅಪ್ಪಾ, ಎಳೀಬೇಡಿ. ನಾನು ಒತ್ತಿ ಹಿಡಿದಿದ್ದೀನಿ, ನೀವು ಮೆಲ್ಲಗೆ ಕೀ ತಿರುಗಿಸಿ” ಎಂದ. ತಿರುಗಿಸಿದೆ. ‘ಟಕ್’ ಎಂದಿತು. ಅವನು ಕೈ ತೆಗೆದೊಡನೆ ಸೀಟು ತಾನಾಗಿಯೇ ಒಂದು ಬೆರಳಿನಷ್ಟು ಮೇಲೆದ್ದಿತು.

ಇದು ಹೇಗಾಯಿತೆಂದು ನೀವು ಕೇಳಬಹುದು. ಇದರಲ್ಲಿ ಪವಾಡವೇನೂ ಇಲ್ಲ. ಸೀಟಿನ ತಳದಲ್ಲಿ ಬಾಗಿದ ಒಂದು ಕಬ್ಬಿಣದ ಸರಳಿರುತ್ತದೆ. ಗಾಡಿಯ ಚೌಕಟ್ಟಿನಲ್ಲಿ ಸ್ಪ್ರಿಂಗ್ ಇರುವ ಒಂದು ಕೊಂಡಿ. ಸೀಟನ್ನು ಒತ್ತಿ ಮುಚ್ಚಿದಾಗ ಕೊಂಡಿ ಆ ಸರಳನ್ನು ಕಚ್ಚಿಕೊಳ್ಳುತ್ತದೆ. ಕೀ ತಿರುಗಿಸಿದರೆ ಸಣ್ಣದೊಂದು ಕೇಬಲ್ ಕೊಂಡಿಯನ್ನು ಹಿಂದಕ್ಕೆ ಸರಿಸುತ್ತದೆ. ಗಾಡಿ ಹಳೆಯದಾದಂತೆ ಕೇಬಲ್ ಸಡಿಲವಾಗುತ್ತದೆ, ಗ್ರೀಸ್ ಒಣಗಿ ಧೂಳಿನೊಂದಿಗೆ ಅಂಟಾಗುತ್ತದೆ, ಮಳೆಗೆ ತುಕ್ಕು ಹಿಡಿಯುತ್ತದೆ. ಅಂಥ ಸಮಯದಲ್ಲಿ ನಾವು ಸೀಟನ್ನು ಮೇಲಕ್ಕೆಳೆದರೆ ಸರಳು ಕೊಂಡಿಯನ್ನು ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ, ಸವೆದ ಕೇಬಲ್ಲಿಗೆ ಅದನ್ನು ಸರಿಸುವ ಶಕ್ತಿ ಸಾಲುವುದಿಲ್ಲ. ನಾವು ಎಳೆಯುವ ಬಲವೇ ಬೀಗವಾಗುತ್ತದೆ! ಸೀಟನ್ನು ಕೆಳಕ್ಕೆ ಒತ್ತಿ ಹಿಡಿದರೆ ಕೊಂಡಿಯ ಮೇಲಿನ ಭಾರ ಇಳಿಯುತ್ತದೆ. ಆಗ ಅದು ಸುಲಭವಾಗಿ ಸರಿಯುತ್ತದೆ.

ಮನುಷ್ಯನ ಮನಸ್ಸಿಗೂ ಇಂಥದೊಂದು ಕೊಂಡಿಯಿದೆ ಎಂದು ನನಗೆ ಅಂದು ತೋಚಿತು. ನನ್ನ ಕೈಯಲ್ಲಿದ್ದ ಕೀ ತಪ್ಪಾಗಿರಲಿಲ್ಲ. ಭಾನುವಾರದ ಪೂಜೆ ನಮ್ಮೆಲ್ಲರ ಕರ್ತವ್ಯ, ಅದನ್ನು ಮಗನಿಗೆ ನೆನಪಿಸುವುದು ತಂದೆಯ ಕರ್ತವ್ಯ. ಆದರೆ ಸರಿಯಾದ ಕೀ ಇದ್ದರಷ್ಟೇ ಸಾಲದು. ಒಂದು ಕೈಯಲ್ಲಿ ಸತ್ಯದ ಕೀ ತಿರುಗಿಸುತ್ತಾ ಇನ್ನೊಂದು ಕೈಯಿಂದ ಕೋಪದಲ್ಲಿ ಎಳೆದರೆ, ಮೊದಲ ಕೈ ಮಾಡುವುದನ್ನು ಎರಡನೆಯ ಕೈ ಕೆಡಿಸುತ್ತದೆ. ಮಕ್ಕಳನ್ನು ಕೆಣಕಿ ಎದೆಗುಂದಿಸಬಾರದೆಂದು ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ ತಂದೆಯಂದಿರಿಗೆ ನೀಡಿದ ಎಚ್ಚರಿಕೆ ಇದೇ ಅಲ್ಲವೇ?

ಸಂತ ಮೋನಿಕಾ ತಾಯಿಯ ಕಣ್ಣೀರನ್ನು ನಾವೆಲ್ಲ ಬಲ್ಲೆವು. ಆದರೆ ಆಕೆಯೂ ಮೊದಲು ಎಳೆದವಳೇ ಎಂಬುದನ್ನು ಮರೆಯುತ್ತೇವೆ. ಮಗ ಅಗಸ್ಟೀನನು ಮಾನಿ ಪಂಥವನ್ನು ಸೇರಿದಾಗ, ಅವನೊಡನೆ ಒಂದೇ ಮನೆಯಲ್ಲಿರಲು, ಒಂದೇ ಮೇಜಿನಲ್ಲಿ ಊಟಮಾಡಲು ಆಕೆ ಒಪ್ಪಲಿಲ್ಲ. ನಂತರ, ತಾನಿರುವಲ್ಲೇ ಮಗನೂ ಇರುವನೆಂಬ ಭರವಸೆ ಕನಸಿನಲ್ಲಿ ದೊರೆತ ಮೇಲೆ, ಅವನನ್ನು ಮತ್ತೆ ತನ್ನ ಮೇಜಿಗೆ ಸೇರಿಸಿಕೊಂಡಳು. ಮಗನೊಡನೆ ವಾದಿಸಿ ಅವನ ತಪ್ಪನ್ನು ತಿದ್ದಬೇಕೆಂದು ಒಬ್ಬ ಧರ್ಮಾಧ್ಯಕ್ಷರನ್ನು ಬೇಡಿಕೊಂಡಾಗ, ಅವರು ಒಪ್ಪದೆ, ಸದ್ಯಕ್ಕೆ ಅವನನ್ನು ಬಿಟ್ಟು ಅವನಿಗಾಗಿ ಪ್ರಾರ್ಥಿಸುವಂತೆ ಹೇಳಿ ಕಳುಹಿಸಿದರು. ಆಕೆ ವರ್ಷಗಟ್ಟಲೆ ಕಾದಳು. 386ರಲ್ಲಿ ಮಿಲಾನಿನಲ್ಲಿ ಅಗಸ್ಟೀನನ ಮನಪರಿವರ್ತನೆಯಾಯಿತು. 387ರ ಪಾಸ್ಖದಲ್ಲಿ ಸಂತ ಅಂಬ್ರೋಸರು ಅವನಿಗೆ ಸ್ನಾನದೀಕ್ಷೆ ನೀಡಿದರು. ಅದೇ ವರ್ಷ ಮೋನಿಕಾ ತೀರಿಕೊಂಡಳು.

ವಿಚಿತ್ರವೆಂದರೆ, ಹೀಗೆ ತಾಳ್ಮೆಯಿಂದ ಗೆಲ್ಲಲ್ಪಟ್ಟ ಮಗನೇ ಧರ್ಮಾಧ್ಯಕ್ಷನಾದ ಮೇಲೆ ಬಲವಂತದ ಪರವಾಗಿಯೂ ಬರೆದ. ಧರ್ಮಸಭೆಯಿಂದ ಬೇರೆಯಾಗಿದ್ದ ದೊನಾತಿಸ್ಟರನ್ನು ಚಕ್ರವರ್ತಿಯ ಕಾನೂನಿನ ಭಯದಿಂದಾದರೂ ಹಿಂದಕ್ಕೆ ತರಬಹುದೆಂದು, ತನ್ನ ಮೊದಲಿನ ಅಭಿಪ್ರಾಯವನ್ನು ಬದಲಿಸಿಕೊಂಡು, ಸುಮಾರು 408ರಲ್ಲಿ ವಾದಿಸಿದ. ಔತಣದ ಸಾಮತಿಯಲ್ಲಿ ಯಜಮಾನನು ಜನರನ್ನು ಒತ್ತಾಯಮಾಡಿ ಕರೆತರುವಂತೆ ಹೇಳಿದ ಮಾತು ಈ ವಾದಕ್ಕೆ ಆಧಾರವಾಯಿತು. ಅಷ್ಟು ದೊಡ್ಡ ಸಂತರೇ ಈ ವಿಷಯದಲ್ಲಿ ಮೆದುಬಲ ಬಿಟ್ಟು ಬಿರುಸಿನ ಕಡೆಗೆ ವಾಲಿದರೆಂದರೆ, ನಾನು, ನೀವು ವಾಲುವುದರಲ್ಲಿ ಆಶ್ಚರ್ಯವೇನಿದೆ? 1965ರ ಡಿಸೆಂಬರ್ 7ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ, ವಿಶ್ವಾಸವು ಮನುಷ್ಯನು ದೇವರಿಗೆ ಸ್ವಇಚ್ಛೆಯಿಂದ ನೀಡುವ ಉತ್ತರವೆಂದೂ ಅದನ್ನು ಯಾರ ಮೇಲೂ ಬಲವಂತವಾಗಿ ಹೇರಲಾಗದೆಂದೂ ಸ್ಪಷ್ಟಪಡಿಸಿತು. ಆ ಘೋಷಣೆ ಮುಖ್ಯವಾಗಿ ಸರ್ಕಾರ ಮತ್ತು ಸಮಾಜದ ಬಲವಂತವನ್ನು ಕುರಿತದ್ದು, ಮಕ್ಕಳಿಗೆ ಧರ್ಮಶಿಕ್ಷಣ ನೀಡುವ ತಂದೆತಾಯಿಗಳ ಹಕ್ಕನ್ನು ಅದೂ ಎತ್ತಿಹಿಡಿಯುತ್ತದೆ. ಆದರೂ ವಿಶ್ವಾಸದ ಸ್ವಭಾವ ಮನೆಯೊಳಗೆ ಬದಲಾಗುವುದಿಲ್ಲ. ಎಳೆದು ತಂದ ಮಗ ಬೆಂಚಿನ ಮೇಲೆ ಕುಳಿತಾನು, ಆದರೆ ಅವನ ‘ಆಮೆನ್’ ಅವನೇ ಹೇಳಬೇಕು.

ಹಾಗಾದರೆ ಸುಮ್ಮನೆ ಕೈಕಟ್ಟಿ ಕುಳಿತುಬಿಡಬೇಕೇ? ಅಲ್ಲ. ನನ್ನ ಮಗ ಸೀಟನ್ನು ನೋಡುತ್ತಾ ನಿಲ್ಲಲಿಲ್ಲ, ತನ್ನ ಮೈಭಾರವನ್ನೇ ಹಾಕಿದ. ಇದನ್ನು ಮಕ್ಕಳ ಮೇಲೆ ಒತ್ತಡ ಹೇರುವುದೆಂದು ದಯವಿಟ್ಟು ತಿಳಿಯಬೇಡಿ. ಆ ಒತ್ತುವಿಕೆ ಕೊಂಡಿಯ ಬಿಗಿಯನ್ನು ಇಳಿಸಲಿಕ್ಕಾಗಿ. ನಮ್ಮ ಪ್ರಶ್ನೆಯೂ ಇದೇ ಆಗಬೇಕು: ಇವನು ಏಕೆ ಏಳುತ್ತಿಲ್ಲ ಎಂದಲ್ಲ, ಇವನ ಕೊಂಡಿಯ ಮೇಲೆ ಯಾವ ಭಾರ ಬಿದ್ದಿದೆ ಎಂದು. ಸಂತ ದೊನ್ ಬೋಸ್ಕೊ 1853ರಿಂದ ತುರಿನ್ ನಗರದಲ್ಲಿ ಬಡ ಹುಡುಗರಿಗಾಗಿ ಕಸುಬಿನ ಕಾರ್ಯಾಗಾರಗಳನ್ನು ತೆರೆದವರು, ಹುಡುಗರ ಮನಸ್ಸನ್ನು ಬಲ್ಲವರು. 1884ರ ಮೇ ತಿಂಗಳಲ್ಲಿ ರೋಮಿನಿಂದ ತಮ್ಮವರಿಗೆ ಬರೆದ ಪತ್ರದಲ್ಲಿ ಅವರು ದುಃಖಪಟ್ಟದ್ದು ಹುಡುಗರ ಬಗ್ಗೆ ಮಾತ್ರವಲ್ಲ. ಹಿರಿಯರು ಆಟದ ಬಯಲಿನಲ್ಲಿ ಹುಡುಗರ ನಡುವೆ ಬೆರೆಯುವುದನ್ನು ಬಿಟ್ಟದ್ದರಿಂದ ನಡುವೆ ಅಪನಂಬಿಕೆಯ ಗೋಡೆ ಎದ್ದಿದೆ ಎಂಬುದು ಅವರ ನೋವಾಗಿತ್ತು. ಪ್ರೀತಿಸಿದರೆ ಸಾಲದು, ಆ ಪ್ರೀತಿ ಮಕ್ಕಳಿಗೆ ತಿಳಿಯಬೇಕು ಎಂಬುದೇ ಆ ಪತ್ರದ ತಿರುಳು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸೀಟಿನ ಕೆಳಗೆ ವೈರು ಸುಟ್ಟು ಹೊಗೆ ಬರುತ್ತಿದ್ದರೆ ಮೆಲ್ಲಗೆ ಕೀ ತಿರುಗಿಸುತ್ತಾ ಕೂರಬಾರದು, ಒಡೆದಾದರೂ ತೆಗೆಯಬೇಕು. ಮಾದಕ ವಸ್ತುವಿನ ಚಟಕ್ಕೆ ಬಿದ್ದ ಮಗ, ಸಾಯುವ ಮಾತಾಡುವ ಮಗಳು, ಹೆಂಡತಿಯ ಮೇಲೆ ಕೈಮಾಡುವ ಗಂಡ, ಇಂಥ ಕಡೆ ತಾಳ್ಮೆಯ ಹೆಸರಿನಲ್ಲಿ ತಡಮಾಡುವುದು ಪ್ರೀತಿಯಲ್ಲ. ಪ್ರಾಣಕ್ಕೆ ಅಪಾಯವಿದ್ದಾಗ ಬಲವೂ ಕರುಣೆಯೇ. ಆದರೆ ನಮ್ಮ ಮನೆಗಳಲ್ಲಿ ನಾವು ಉಪಯೋಗಿಸುವ ಬಲದಲ್ಲಿ ಎಷ್ಟು ಪಾಲು ಪ್ರಾಣ ಉಳಿಸಲಿಕ್ಕಾಗಿ, ಎಷ್ಟು ಪಾಲು ನಮ್ಮ ಮಾನ ಉಳಿಸಿಕೊಳ್ಳಲಿಕ್ಕಾಗಿ? ಧರ್ಮಕೇಂದ್ರದಲ್ಲಿ ನಾಲ್ಕು ಜನ “ನಿಮ್ಮ ಮಗ ಕಾಣಿಸಲಿಲ್ಲವಲ್ಲ” ಎಂದು ಕೇಳುವುದೇ ನನ್ನನ್ನು ಹೆಚ್ಚು ಕಾಡುತ್ತಿತ್ತೆಂದು ಪಾಪನಿವೇದನೆಯಲ್ಲಿ ನಾನು ಒಪ್ಪಿಕೊಳ್ಳಬೇಕಾಯಿತು.

ಅಂದು ಫ್ಯೂಸ್ ಬದಲಿಸಿ ನಾನು, ನನ್ನ ಹೆಂಡತಿ ಪೂಜೆಗೆ ಹೋದೆವು. ಅವನು ಬರಲಿಲ್ಲ, ನಾನೂ ಕರೆಯಲಿಲ್ಲ. ಸಂಜೆ ಇಬ್ಬರೂ ಕುಳಿತು ಕೊಂಡಿಯನ್ನು ರಿಪೇರಿ ಮಾಡಿದೆವು. ಡೀಸೆಲ್ ಹಾಕಿ ಹಳೆಯ ಅಂಟನ್ನು ತೊಳೆದು, ತುಕ್ಕು ಉಜ್ಜಿ, ಹೊಸ ಗ್ರೀಸ್ ಹಚ್ಚಿ, ಕೇಬಲ್ ಬಿಗಿಮಾಡಿದೆವು. ನಾನು ಸೀಟು ಮುಚ್ಚಲು ಹೋದಾಗ ಅವನು ತಡೆದ. ಸೀಟು ತೆರೆದಿರುವಾಗಲೇ ಸ್ಕ್ರೂಡ್ರೈವರಿನಿಂದ ಕೊಂಡಿಯನ್ನು ಮುಚ್ಚಿ, ಕೀ ತಿರುಗಿಸಿ, ಅದು ಬಿಡುತ್ತದೆಯೇ ಎಂದು ನಾಲ್ಕೈದು ಬಾರಿ ನೋಡಬೇಕಂತೆ. ನೋಡದೆ ಮುಚ್ಚಿದರೆ ಮತ್ತೆ ಮೊದಲಿನ ಪಾಡೇ. ಒಮ್ಮೆ ಮಾತು ಬಂದಿತೆಂದು ಆತುರದಿಂದ ವಿಷಯ ಮುಗಿಸಿಬಿಡುವ ನನ್ನಂಥವರಿಗೆ ಇದೂ ಒಂದು ಪಾಠ.

ಕೈಗೆ ಗ್ರೀಸ್ ಮೆತ್ತಿಕೊಂಡಿದ್ದಾಗಲೇ ನಾನು ಕೇಳಿದೆ: “ನಿನಗೆ ಏನಾಗಿದೆ, ಮಗನೇ?” ಬಹಳ ಹೊತ್ತಿನ ನಂತರ ಹೇಳಿದ. ಆರು ತಿಂಗಳ ಹಿಂದೆ ಅವನ ಸಹಪಾಠಿಯೊಬ್ಬ ರಸ್ತೆ ಅಪಘಾತದಲ್ಲಿ ಗಾಯಗೊಂಡು ಮೂರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಿದ್ದ. ಆ ಮೂರು ರಾತ್ರಿಯೂ ನನ್ನ ಮಗ ಜಪಮಾಲೆ ಹೇಳಿದ್ದನಂತೆ. ಮಣ್ಣುಮಾಡಿ ಬಂದ ದಿನ ಅವನು ಏನೋ ಕೇಳಲು ಬಂದಾಗ, ನಾನು ಪತ್ರಿಕೆಯಿಂದ ತಲೆಯೆತ್ತದೆ “ಎಲ್ಲಾ ದೇವರ ಚಿತ್ತ” ಎಂದು ಹೇಳಿ ಮುಗಿಸಿದ್ದೆ. ನನಗೆ ಅದು ನೆನಪೇ ಇರಲಿಲ್ಲ. ಮಾತು ತಪ್ಪಾಗಿರಲಿಲ್ಲ, ಹೇಳಿದ ರೀತಿ ತಪ್ಪಾಗಿತ್ತು. ಅವನ ಕೊಂಡಿಯ ಮೇಲೆ ಬಿದ್ದಿದ್ದ ಭಾರ ಅದು. ಅದರ ಮೇಲೆ ನಾನು ಇಪ್ಪತ್ತಾರು ಭಾನುವಾರ ಎಳೆದಿದ್ದೆ.

ದೇವರು ನಮ್ಮನ್ನು ಎತ್ತಿದ ಬಗೆಯನ್ನು ನೋಡಿ. ಅವರು ಸ್ವರ್ಗದಿಂದಲೇ ಕೈಚಾಚಿ ನಮ್ಮನ್ನು ಎಳೆದುಕೊಳ್ಳಲಿಲ್ಲ. ಕ್ರಿಸ್ತರು ತಮ್ಮನ್ನೇ ಬರಿದುಮಾಡಿಕೊಂಡು, ದಾಸನ ರೂಪ ತಾಳಿ, ಶಿಲುಬೆಯ ಮರಣದವರೆಗೂ ಕೆಳಗಿಳಿದರೆಂದು ಸಂತ ಪೌಲರು ಫಿಲಿಪ್ಪಿಯರಿಗೆ ತಿಳಿಸುತ್ತಾರೆ. ಎತ್ತುವ ಮೊದಲು ಅವರು ನಮ್ಮ ಭಾರದ ಕಡೆಗೇ ಬಂದರು. ದುಂದುಗಾರ ಮಗನ ಸಾಮತಿಯಲ್ಲಿಯೂ, ಮುನಿಸಿಕೊಂಡು ಹೊರಗೆ ನಿಂತ ಹಿರಿಯ ಮಗನನ್ನು ತಂದೆ ರಟ್ಟೆ ಹಿಡಿದು ಎಳೆದು ತರಲಿಲ್ಲ. ತಾನೇ ಹೊರಗೆ ಬಂದು ಬೇಡಿಕೊಂಡ. ಆ ಮಗ ಒಳಗೆ ಹೋದನೋ ಇಲ್ಲವೋ, ಪ್ರಭು ಯೇಸು ಹೇಳಲಿಲ್ಲ.

ನನ್ನ ಮಗನ ವಿಷಯದಲ್ಲಿಯೂ ನಾನು ಇನ್ನೂ ಪೂರ್ತಿ ಹೇಳಲಾರೆ. ಕೆಲವು ಭಾನುವಾರ ಬರುತ್ತಾನೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಕೆಲವು ಭಾನುವಾರ ಬರುವುದಿಲ್ಲ. ಆದರೆ ಅವನ ಗೆಳೆಯನ ವರ್ಷದ ಪೂಜೆಗೆ ಗುರುಗಳ ಬಳಿ ಹೆಸರು ಬರೆಸಿದವನು ಅವನೇ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ ಮುಚ್ಚಿದ ಒಂದು ಬಾಗಿಲಿರಬಹುದು. ಮುಂದಿನ ಭಾನುವಾರ ಅದನ್ನು ಬಡಿಯುವ ಮೊದಲು, ಶನಿವಾರ ರಾತ್ರಿಯೇ ಆ ಮಗನ, ಆ ಮಗಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಉಪದೇಶ ಬೇಡ. “ನಿನಗೆ ಏನಾಗಿದೆ?” ಎಂದು ಕೇಳಿ, ಉತ್ತರ ಬರುವವರೆಗೂ ಕಾಯಿರಿ.